ಬೇಲಿಯೊಳಗೆ ಬೆಳೆದ ಕಾರು

(ವಾಣಿಜ್ಯ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೇಶೀಯ ಕಾರು ಉದ್ಯಮಕ್ಕೆ ಸರ್ಕಾರದ ರಕ್ಷಣೆ ಬೇಕೇ ಬೇಡವೇ ಎಂಬ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಪ್ರಶ್ನೆಯನ್ನು ಹೀಗೆ ಕೇಳಿದರೆ ಸಭೆ ಎರಡು ಪಾಳಯವಾಗುತ್ತದೆಯೇ ಹೊರತು ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ಆದ್ದರಿಂದ ಸಿದ್ಧಾಂತವನ್ನು ಬದಿಗಿಟ್ಟು ಸುಂಕದ ಪಟ್ಟಿಯಿಂದಲೇ ಆರಂಭಿಸುತ್ತೇನೆ.

2023ರ ಬಜೆಟ್ಟನ್ನು ತೆಗೆದುಕೊಳ್ಳಿ. ವಿದೇಶದಲ್ಲಿ ಪೂರ್ತಿಯಾಗಿ ಜೋಡಿಸಿದ, 40,000 ಡಾಲರ್‌ಗಿಂತ ಕಡಿಮೆ ಬೆಲೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಮೇಲಿನ ಆಮದು ಸುಂಕವನ್ನು ಶೇ 60ರಿಂದ ಶೇ 70ಕ್ಕೆ ಏರಿಸಲಾಯಿತು. ಅದೇ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳನ್ನು ಅಲ್ಲೇ ಜೋಡಿಸಿ, ಚಾಸಿಗೆ, ಅಂದರೆ ಕಾರಿನ ತಳದ ಚೌಕಟ್ಟಿಗೆ, ಕೂಡಿಸದೆ ತಂದರೆ ಶೇ 35. ಎಲ್ಲವನ್ನೂ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ತುಂಬಿ ತಂದರೆ ಶೇ 15. ಮೂರೂ ಸಂದರ್ಭಗಳಲ್ಲಿ ಉಕ್ಕು ಅದೇ, ವಿನ್ಯಾಸ ಅದೇ, ರಸ್ತೆಗಿಳಿದ ಮೇಲೆ ಕಾರೂ ಅದೇ. ವ್ಯತ್ಯಾಸವೆಲ್ಲ ಸ್ಪ್ಯಾನರ್ ಹಿಡಿದ ಕೈ ಯಾವ ದೇಶದ್ದು ಎಂಬುದರಲ್ಲಿದೆ. 2011ರವರೆಗೆ ಬಿಡಿಭಾಗಗಳ ಕಿಟ್ ಎಂದರೆ ಏನೆಂಬುದಕ್ಕೆ ಸ್ಪಷ್ಟ ವ್ಯಾಖ್ಯಾನವೂ ಇರಲಿಲ್ಲ. ಹೆಚ್ಚುಕಡಿಮೆ ಸಿದ್ಧವಾದ ಎಂಜಿನ್ನೇ ಕಿಟ್‌ನ ಹೆಸರಿನಲ್ಲಿ ಬಂದರೆ ಕಡಿಮೆ ಸುಂಕಕ್ಕೆ ಒಳಪಡುತ್ತಿತ್ತು. ಆ ವರ್ಷದ ಬಜೆಟ್ ವ್ಯಾಖ್ಯಾನವನ್ನು ಬಿಗಿ ಮಾಡಿದಾಗ ದುಬಾರಿ ಕಾರುಗಳ ಕಂಪನಿಗಳು ಗೊಣಗಿದ್ದು ಏಕೆಂದು ನೀವೇ ಊಹಿಸಬಹುದು.

ಈ ಪಟ್ಟಿಯನ್ನು ನೋಡಿದಾಗಲೆಲ್ಲ ನನಗನ್ನಿಸುವುದು ಇಷ್ಟು: ಸುಂಕ ಹಾಕುವುದು ಕಾರಿನ ಮೇಲೆ, ಉದ್ಯೋಗ ಇರುವುದು ಬಿಡಿಭಾಗಗಳಲ್ಲಿ. ಕಾರಿಗೆ ರಕ್ಷಣೆ ಕೊಟ್ಟ ಮಾತ್ರಕ್ಕೆ ಬಿಡಿಭಾಗದವನಿಗೆ ಕೆಲಸ ಸಿಗುತ್ತದೆಂಬ ಖಾತರಿ ಇಲ್ಲ. ಯಾವಾಗ ಸಿಕ್ಕಿತು, ಯಾವಾಗ ಸಿಗಲಿಲ್ಲ ಎಂಬುದೇ ನಮ್ಮ ಕಾರು ಉದ್ಯಮದ ಕಥೆ.

ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಕಾರು ಜೋಡಿಸಲು ಆರಂಭಿಸಿತು. ಸ್ವಲ್ಪ ಸಮಯದಲ್ಲೇ ಫೋರ್ಡ್ ಕೂಡ ಬಂತು. ಪೆಟ್ಟಿಗೆಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಬಿಚ್ಚಿ ಜೋಡಿಸುತ್ತಿದ್ದರು. ಇದು ಕಾರ್ಖಾನೆಯೇ ಅಲ್ಲ ಎಂದು ವಾದಿಸಿದವರಲ್ಲಿ ಮುಖ್ಯರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬಂಡವಾಳದ ಕಡೆಯಿಂದ ಕೈಜೋಡಿಸಿದರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿಸಿತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಲಿಲ್ಲ. ಕಾರಿಗೆ ಸಿಗದ ಅನುಮತಿ ಯುದ್ಧದ ಒತ್ತಡದಲ್ಲಿ ವಿಮಾನಕ್ಕೆ ಸಿಕ್ಕಿತು: 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಆ ಕಾರು ಕಾರ್ಖಾನೆಯೂ ಬೆಂಗಳೂರಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕನಸು ಕಾಣುವುದು ಬೇಡ, ಮುಂದಿನ ಕಥೆ ಕೇಳಿದರೆ ಕನಸು ತಾನಾಗಿಯೇ ಕರಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಬೇಲಿ ಹಾಕಿದರು. 1949ರಲ್ಲಿ ಪೂರ್ತಿ ಜೋಡಿಸಿದ ಕಾರುಗಳ ಆಮದು ನಿಂತಿತು. 1953ರಲ್ಲಿ ಸುಂಕ ಆಯೋಗ ಇನ್ನೊಂದು ಹೆಜ್ಜೆ ಮುಂದಿಟ್ಟು, ಇಲ್ಲೇ ತಯಾರಿಸುವ ಯೋಜನೆ ಇಲ್ಲದ, ಬರಿಯ ಜೋಡಣೆ ಮಾಡುವ ಕಂಪನಿಗಳು ಹೊರಡಬಹುದು ಎಂದಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಕಾರಿನ ಮಾರುಕಟ್ಟೆಯಲ್ಲಿ ಉಳಿದವು ಮುಖ್ಯವಾಗಿ ಮೂರು: ಬಂಗಾಳದ ಉತ್ತರಪಾಡದ ಹಿಂದುಸ್ತಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಮುಂದಿನ ಮೂವತ್ತು ವರ್ಷ ದೇಶ ಅಂಬಾಸಿಡರ್, ಫಿಯೆಟ್ ಮತ್ತು ಹೆರಾಲ್ಡ್‌ಗಳಲ್ಲಿ ಓಡಾಡಿತು.

ಈ ಮೂವತ್ತು ವರ್ಷಗಳನ್ನು ಸೋಮಾರಿತನದ ಕಥೆಯಾಗಿ ಹೇಳುವುದು ವಾಡಿಕೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಬೇಲಿ ಹಾಕಿದವರು ಹೊಲಕ್ಕೆ ನೀರನ್ನೂ ಬಿಡಲಿಲ್ಲ. ಎಷ್ಟು ಕಾರು ತಯಾರಿಸಬೇಕೆಂಬುದು ಪರವಾನಗಿಯಲ್ಲಿ ಬರೆದಿತ್ತು. ಹೊಸ ಯಂತ್ರ ತರಲು ವಿದೇಶಿ ವಿನಿಮಯ ಬೇಕಿತ್ತು, ಅದು ಸಿಗುತ್ತಿರಲಿಲ್ಲ. ಕಾರು ಶ್ರೀಮಂತರ ಶೋಕಿ ಎಂಬ ಭಾವನೆಯಿಂದ ಆ ವಿನಿಮಯವೆಲ್ಲ ಲಾರಿ, ಬಸ್ಸುಗಳಿಗೆ ಮೊದಲು ಹೋಗುತ್ತಿತ್ತು. 1969ರಲ್ಲಿ ಸರ್ಕಾರ ಕಾರಿನ ಬೆಲೆಯನ್ನೂ ತಾನೇ ನಿಗದಿ ಮಾಡಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಇವೆಲ್ಲದರ ನಡುವೆ 1980ರ ಹೊತ್ತಿಗೂ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳ ಸಂಖ್ಯೆ ಕೆಲವೇ ಹತ್ತು ಸಾವಿರಗಳಷ್ಟಿತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಅಂಕಿಯ ಅರ್ಥ ಬೇಗ ಹೊಳೆಯುತ್ತದೆ. ಕಾರಿನ ಬಾನೆಟ್ಟನ್ನೋ ಬಾಗಿಲನ್ನೋ ಒತ್ತಿ ತೆಗೆಯುವ ಡೈ, ಅಂದರೆ ಅಚ್ಚು, ತಯಾರಿಸಲು ಬಹಳ ಹಣ ಬೇಕು. ಆ ಹಣ ಲಕ್ಷಾಂತರ ಕಾರುಗಳ ಮೇಲೆ ಹಂಚಿಹೋದರೆ ಒಂದು ಕಾರಿಗೆ ಬೀಳುವ ಹೊರೆ ಚಿಕ್ಕದು. ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಕಾರು ಮಾತ್ರ ಮಾಡುವವನು ಹಳೆಯ ಡೈಯನ್ನೇ ಸವೆಯುವವರೆಗೆ, ಸವೆದ ಮೇಲೂ ತೇಪೆ ಹಾಕಿ ಬಳಸುತ್ತಾನೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸದಿಂದ ಹುಟ್ಟಿ 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ 2014ರವರೆಗೂ ಹೆಚ್ಚುಕಡಿಮೆ ಅದೇ ಮುಖದಲ್ಲಿ ಬಂದದ್ದರ ಹಿಂದೆ ಈ ಲೆಕ್ಕವೂ ಇದೆ. ಜೊತೆಗೆ, ಹೊರಗೆ ಗಟ್ಟಿ ಪೂರೈಕೆದಾರರು ಇಲ್ಲದ್ದರಿಂದ ಎರಕ, ಫೋರ್ಜಿಂಗ್, ಪ್ರೆಸ್ ಎಲ್ಲವನ್ನೂ ಒಂದೇ ಆವರಣದಲ್ಲಿ ಮಾಡಿಕೊಳ್ಳುವ ಅನಿವಾರ್ಯ ಅವರಿಗಿತ್ತು. ಎಲ್ಲವೂ ಒಂದೇ ಕಡೆ, ಯಾವುದಕ್ಕೂ ಸಾಕಷ್ಟು ಸಂಖ್ಯೆಯಿಲ್ಲ.

ಆ ಕಾಲದ ನಿಜವಾದ ಫಲ ಕಾರು ಕಂಪನಿಗಳಲ್ಲಿ ಕಾಣುವುದಿಲ್ಲ, ಪಕ್ಕದ ಬೀದಿಯಲ್ಲಿ ಕಾಣುತ್ತದೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸಿತು. ಆ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಮನೆಗಳು ಆ ಭಾಗದಲ್ಲಿದ್ದವು. ಚೆನ್ನೈ ಸುತ್ತ ಟಿವಿಎಸ್ ಬಳಗದ ಕಂಪನಿಗಳು ಬೆಳೆದವು. 1960ರಲ್ಲಿ ಎಲ್. ಕೆ. ಝಾ ಸಮಿತಿ ಬಿಡಿಭಾಗಗಳಿಗೆ ಪ್ರತ್ಯೇಕ ಉದ್ಯಮ ಬೇಕೆಂದು ಹೇಳಿತು. ಮುಂದೆ ಹಲವು ಭಾಗಗಳನ್ನು ಸಣ್ಣ ಕೈಗಾರಿಕೆಗೆ ಮೀಸಲಿಟ್ಟರು. ಮೀಸಲಾತಿಯಿಂದ ಬಹಳಷ್ಟು ಕಳಪೆ ಮಾಲೂ ಬಂತು ಎಂಬುದನ್ನು ಮುಚ್ಚಿಡುವುದು ಬೇಡ. ಆದರೂ ಲೇತ್ ಮುಂದೆ ನಿಂತ ಒಂದು ತಲೆಮಾರು ತಯಾರಾಗಿತ್ತು.

ಈಗ ಮಾರುತಿಗೆ ಬರೋಣ. ನನ್ನ ಉಪನ್ಯಾಸದ ಮುಕ್ಕಾಲು ಭಾಗ ಇಲ್ಲಿದೆ.

ಮಾರುತಿ ಉದ್ಯೋಗ್ 1981ರಲ್ಲಿ ಸರ್ಕಾರಿ ಕಂಪನಿಯಾಗಿ ಹುಟ್ಟಿತು. 1982ರ ಅಕ್ಟೋಬರಿನಲ್ಲಿ ಸುಜುಕಿಯ ಜೊತೆ ಒಪ್ಪಂದವಾಯಿತು, ಸುಜುಕಿ ಶೇ 26 ಪಾಲು ತೆಗೆದುಕೊಂಡಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗ್ರಾಹಕರಿಗೆ ಕೀಲಿ ಕೊಟ್ಟರು. ಆ ದಿನ ಕೈಗೆ ಬಂದ ಕಾರಿನ ಬಹುಭಾಗ ಜಪಾನಿನಿಂದ ಪೆಟ್ಟಿಗೆಯಲ್ಲಿ ಬಂದದ್ದೇ. ಅಂದರೆ 1928ರ ಬೊಂಬಾಯಿಗೂ ಮಾರುತಿ ಕಾರ್ಖಾನೆಯಿದ್ದ 1983ರ ಗುರುಗ್ರಾಮಕ್ಕೂ ಮೇಲುನೋಟಕ್ಕೆ ವ್ಯತ್ಯಾಸವಿರಲಿಲ್ಲ. ಬೇಲಿಯೂ ಹಾಗೆಯೇ ಇತ್ತು, ಆಮದು ಕಾರಿಗೆ ದಾರಿ ಇರಲಿಲ್ಲ.

ಹೊಸದೆಂದರೆ ಗಡುವು. ಹಂತಹಂತವಾಗಿ ಇಲ್ಲಿನ ಭಾಗಗಳನ್ನು ಹೆಚ್ಚಿಸುತ್ತ ಐದು ವರ್ಷದಲ್ಲಿ ಶೇ 95 ಮುಟ್ಟಬೇಕೆಂಬ ಷರತ್ತು ಅನುಮತಿಯೊಂದಿಗೇ ಬಂದಿತ್ತು. ಮುಟ್ಟದಿದ್ದರೆ ಕಿಟ್ ಆಮದಿಗೇ ಕತ್ತರಿ. ಇದರ ಜೊತೆಗೆ ಯಾರೂ ಯೋಜಿಸದ ಒಂದು ಒತ್ತಡವೂ ಸೇರಿಕೊಂಡಿತು. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಸೇರಿ ಡಾಲರನ್ನು ಇಳಿಸಲು ಒಪ್ಪಿಕೊಂಡವು. ಒಂದು ಡಾಲರಿಗೆ ಸುಮಾರು 240 ಯೆನ್ ಸಿಗುತ್ತಿದ್ದುದು ಎರಡೇ ವರ್ಷದಲ್ಲಿ 150ರ ಕೆಳಗಿಳಿಯಿತು, ಅಂದರೆ ಜಪಾನಿನ ಯೆನ್ ದುಬಾರಿಯಾಯಿತು. ಜಪಾನಿನಿಂದ ಬರುವ ಒಂದೊಂದು ಬೋಲ್ಟೂ ದುಬಾರಿಯಾಯಿತು. ಸ್ವದೇಶಿ ಭಾಷಣಗಳಿಂದ ಆಗದ ಕೆಲಸವನ್ನು ಯೆನ್ ಮಾಡಿಸಿತು: ಮಾರುತಿಗೆ ಇಲ್ಲಿನ ಪೂರೈಕೆದಾರರು ಬೇಕೇ ಬೇಕಾದರು.

ಅವರನ್ನು ಬೆಳೆಸಿದ ರೀತಿಯನ್ನು ಗಮನಿಸಿ. ಉತ್ತರಪಾಡದಂತೆ ಎಲ್ಲವನ್ನೂ ತಾನೇ ಮಾಡಲು ಮಾರುತಿ ಹೊರಡಲಿಲ್ಲ. ಎಂಜಿನ್, ಬಾಡಿ, ಜೋಡಣೆಯಂಥವನ್ನು ಉಳಿಸಿಕೊಂಡು ಉಳಿದುದನ್ನು ಹೊರಗೆ ಕೊಟ್ಟಿತು. ಆದರೆ ಟೆಂಡರ್ ಕರೆದು ಕಡಿಮೆ ದರದವನಿಗೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಸ್ಟೀರಿಂಗಿಗೆ ಸೋನಾ, ಗಾಜಿಗೆ ಅಸಾಹಿ, ಸೀಟಿಗೆ ಭಾರತ್ ಸೀಟ್ಸ್, ಎ.ಸಿ.ಗೆ ಸುಬ್ರೋಸ್ ಎಂದು ಒಂದೊಂದು ಭಾಗಕ್ಕೂ ಭಾರತೀಯ ಉದ್ಯಮಿ ಮತ್ತು ಜಪಾನಿ ತಂತ್ರಜ್ಞಾನದ ಜೋಡಿ ಕಟ್ಟಿತು. ಕೆಲವದರಲ್ಲಿ ತಾನೇ ಪಾಲು ಬಂಡವಾಳ ಹಾಕಿತು, ಕೆಲವರಿಗೆ ಕಾರ್ಖಾನೆಯ ಪಕ್ಕದಲ್ಲೇ ಜಾಗ ಸಿಕ್ಕಿತು. ಇಷ್ಟು ಸಂಖ್ಯೆಯನ್ನು ಇಷ್ಟು ವರ್ಷ ಕೊಳ್ಳುತ್ತೇನೆ ಎಂಬ ಭರವಸೆ ಇದ್ದುದರಿಂದ ಬ್ಯಾಂಕು ಸಾಲ ಕೊಟ್ಟಿತು. 1980ರ ದಶಕ ಮುಗಿಯುವ ಹೊತ್ತಿಗೆ ಮಾರುತಿ ಒಂದೇ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹೊರತರುತ್ತಿತ್ತು. ಮೂರು ಹಳೆಯ ಕಂಪನಿಗಳಿಗೆ ಎಂದೂ ದಕ್ಕದ ಸಂಖ್ಯೆ ಅದು. ಡೈಯ ಲೆಕ್ಕ ಕೂಡಿಬಂತು.

ಹೊರಗುತ್ತಿಗೆ ಎಂದರೆ ಕೆಲಸ ಕಳೆದುಕೊಳ್ಳುವುದು ಎಂಬ ಅರ್ಥ ಅಮೆರಿಕದ ಪತ್ರಿಕೆಗಳಿಂದ ನಮಗೆ ಬಂದಿದೆ. ಅಲ್ಲಿನ ಕಾರು ನಗರ ಡೆಟ್ರಾಯಿಟ್‌ನವನಿಗೆ ಅದು ನಿಜವೇ. ಗುರುಗ್ರಾಮದಲ್ಲಿ ಮಾತ್ರ, ಬೇಲಿಯೊಳಗಿನ ಹೊರಗುತ್ತಿಗೆಯಿಂದಲೇ ಒಂದು ಹೊಸ ಉದ್ಯಮ ಎದ್ದು ನಿಂತಿತು. ಸುಂಕ ಆಯೋಗದ ಗುರಿ 1953ರಲ್ಲೂ ಇದೇ ಆಗಿತ್ತು. ಗಡುವು, ಸಂಖ್ಯೆ, ಕಲಿಸಿಕೊಡುವ ಕೊಳ್ಳುಗ, ಈ ಮೂರೂ ಅಂದು ಇರಲಿಲ್ಲ.

ಮುಂದಿನ ದಶಕವನ್ನು ಬೇಗ ದಾಟುತ್ತೇನೆ. 1993ರಲ್ಲಿ ಕಾರಿಗೆ ಪರವಾನಗಿ ಬೇಡವೆಂದಾಯಿತು, ಜಗತ್ತಿನ ಕಂಪನಿಗಳೆಲ್ಲ ಬಂದವು. 1997ರ ಡಿಸೆಂಬರಿನಲ್ಲಿ ಸರ್ಕಾರ ಹೊಸಬರಿಗೂ ಷರತ್ತು ಹಾಕಿತು: ಮೂರು ವರ್ಷದಲ್ಲಿ ಶೇ 50, ಐದು ವರ್ಷದಲ್ಲಿ ಶೇ 70 ಸ್ವದೇಶಿ ಭಾಗ, ತಂದಷ್ಟು ಆಮದಿಗೆ ಸಮನಾದ ರಫ್ತು. ಯುರೋಪ್ ಮತ್ತು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತವು. 2001ರ ಕೊನೆಯಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಅಷ್ಟರಲ್ಲಿ ಸರ್ಕಾರ ತಾನೇ ಆ ಷರತ್ತುಗಳನ್ನು ಕೈಬಿಟ್ಟಿತ್ತು. ಸೋಲಿನ ಬಗ್ಗೆ ಅಂದು ದೊಡ್ಡ ಗದ್ದಲವಾಗಲಿಲ್ಲ, ಆಗಬೇಕಾದ ಅಗತ್ಯವೂ ಇರಲಿಲ್ಲ. ಪೂರೈಕೆದಾರ ಮನೆಯ ಬಾಗಿಲಲ್ಲೇ ಅಗ್ಗವಾಗಿ ಕೊಡುತ್ತಿರುವಾಗ ಕಾನೂನಿನ ಬಲವಂತ ಯಾರಿಗೆ ಬೇಕು? ಚೆನ್ನೈನ ಸುಂದರಂ ಫಾಸ್ಟನರ್ಸ್ 1990ರ ದಶಕದ ಆರಂಭದಲ್ಲೇ ಜನರಲ್ ಮೋಟಾರ್ಸ್‌ಗೆ ರೇಡಿಯೇಟರ್ ಮುಚ್ಚಳಗಳನ್ನು ಕಳುಹಿಸಲು ತೊಡಗಿತ್ತು. ಸುಂದರಂ ಕ್ಲೇಟನ್‌ನ ಬ್ರೇಕ್ ವಿಭಾಗ 1998ರಲ್ಲಿ ಗುಣಮಟ್ಟಕ್ಕೆ ಕೊಡುವ ಜಪಾನಿನ ಡೆಮಿಂಗ್ ಪ್ರಶಸ್ತಿ ಗೆದ್ದಿತ್ತು. 2023–24ರಲ್ಲಿ ದೇಶದ ಬಿಡಿಭಾಗ ಉದ್ಯಮದ ರಫ್ತು ಸುಮಾರು 21 ಶತಕೋಟಿ ಡಾಲರ್ ಮುಟ್ಟಿ, ಆಮದನ್ನು ಕೂದಲೆಳೆಯಷ್ಟು ದಾಟಿತು.

ಬೇಲಿಯೇ ಎಲ್ಲರನ್ನೂ ಕಾಯುತ್ತದೆ ಎನ್ನುವವರಿಗೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಉತ್ತರ. 1950ರ ದಶಕದಲ್ಲಿ ಹೋದ ಇವೆರಡೂ 1990ರ ದಶಕದಲ್ಲಿ ಮರಳಿದವು, ಇಲ್ಲೇ ಕಾರ್ಖಾನೆ ಕಟ್ಟಿದವು. ಹೊರಗಿನ ಕಾರಿನ ಮೇಲಿನ ಭಾರಿ ಸುಂಕ ಈ ಬಾರಿ ಅವುಗಳನ್ನೂ ಕಾಯುತ್ತಿತ್ತು. ಆದರೂ ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಕಾರು ತಯಾರಿಕೆಯಿಂದ ಹಿಂದೆ ಸರಿಯಿತು. ಅವರನ್ನು ಸೋಲಿಸಿದ್ದು ಆಮದು ಕಾರಲ್ಲ, ಬೇಲಿಯೊಳಗಿನ ಸಣ್ಣ ಕಾರು. ಗುಜರಾತಿನ ಸಾನಂದ್‌ನಲ್ಲಿದ್ದ ಫೋರ್ಡ್ ಕಾರ್ಖಾನೆ ಈಗ ಟಾಟಾದವರ ಕೈಯಲ್ಲಿದೆ.

ನಮ್ಮ ರಾಜ್ಯದ ನಂಟು ಹುಡುಕುವವರು ಬಿಡದಿಗೆ ಹೋಗಬೇಕು. ಟೊಯೊಟಾ ಕಿರ್ಲೋಸ್ಕರ್ ಅಲ್ಲಿ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸಲು ಆರಂಭಿಸಿತು. 2004ರಿಂದ ಪಕ್ಕದ ಬಿಡಿಭಾಗ ಕಾರ್ಖಾನೆಯ ಗೇರ್‌ಬಾಕ್ಸ್‌ಗಳು ಬೇರೆ ದೇಶಗಳ ಟೊಯೊಟಾ ವಾಹನಗಳಿಗೆ ರಫ್ತಾದವು. ಈಗಿನ ವ್ಯವಸ್ಥೆ ಇನ್ನೂ ಸ್ವಾರಸ್ಯದ್ದು. ಟೊಯೊಟಾ ಹೆಸರಿನ ಗ್ಲಾನ್ಜಾ ಹುಟ್ಟುವುದು ಸುಜುಕಿಯ ಕಾರ್ಖಾನೆಯಲ್ಲಿ, ಮಾರುತಿ ಹೆಸರಿನ ಗ್ರ್ಯಾಂಡ್ ವಿಟಾರಾ 2022ರಲ್ಲಿ ಮೊದಲು ಹೊರಬಂದದ್ದು ಬಿಡದಿಯಿಂದ. ಇಡೀ ಕಾರಿನ ತಯಾರಿಕೆಯನ್ನೇ ಪ್ರತಿಸ್ಪರ್ಧಿಗೆ ಹೊರಗೆ ಕೊಡುವ ಕಾಲವಿದು. ಗ್ರಾಹಕರು ಮಾತ್ರ ಲಾಂಛನ ನೋಡಿ ಮೈಲೇಜಿನ ಬಗ್ಗೆ ವಾದಿಸುತ್ತಾರೆ. ಪೀಣ್ಯದ ಜಾಬ್ ವರ್ಕ್ ಶೆಡ್ಡುಗಳು, ಬೆಳಗಾವಿಯ ಉದ್ಯಮಬಾಗ್ ಮತ್ತು ಮಚ್ಛೆಯ ಫೌಂಡ್ರಿಗಳು ಯಾವ ಲಾಂಛನಕ್ಕೂ ಕಾಣದ ಹಾಗೆ ಈ ಸರಪಳಿಯಲ್ಲಿವೆ. ಇನ್ನೊಂದು ತುದಿಯಲ್ಲಿ ಮರ್ಸಿಡಿಸ್ ಬೆಂಜ್ 1996ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಜರ್ಮನಿಯ ಕಾರಿಗೆ ಬೇಕಾದ ಲೆಕ್ಕ, ವಿನ್ಯಾಸ, ಸಾಫ್ಟ್‌ವೇರ್‌ನ ಒಂದು ಭಾಗ ಇಲ್ಲಿ ಆಗುತ್ತದೆ. ಅದಕ್ಕೆ ಬಂದರಿನಲ್ಲಿ ಸುಂಕ ಕಟ್ಟುವವರು ಯಾರೂ ಇಲ್ಲ.

ಇಷ್ಟು ಹೊತ್ತು ಹೊಗಳಿದೆ. ಇದರ ಬೆಲೆ ತೆತ್ತವರು ಯಾರೆಂದು ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ. ಮೇಲಿನ ಕಂಪನಿ ಪ್ರತಿ ವರ್ಷ ದರ ಇಳಿಸಲು ಹೇಳುತ್ತದೆ. ಮೊದಲ ಹಂತದ ಪೂರೈಕೆದಾರ ಅದನ್ನು ಎರಡನೆಯವನಿಗೆ ದಾಟಿಸುತ್ತಾನೆ, ಅವನು ಮೂರನೆಯವನಿಗೆ. ಅದರ ಕೆಳಗೆ ದಾಟಿಸಲು ಉಳಿದಿರುವುದು ಕಾರ್ಮಿಕನ ಕೂಲಿ ಮಾತ್ರ. ಗುರುಗ್ರಾಮ ಮತ್ತು ಫರೀದಾಬಾದ್ ಸುತ್ತಲಿನ ಸಣ್ಣ ಪ್ರೆಸ್ ಶಾಪುಗಳಲ್ಲಿ ಸಂವೇದಕವಿಲ್ಲದ ಹಳೆಯ ಯಂತ್ರಕ್ಕೆ ಬೆರಳು ಕೊಟ್ಟ ವಲಸೆ ಹುಡುಗರ ಬಗ್ಗೆ ವರದಿಗಳ ಮೇಲೆ ವರದಿ ಬಂದಿವೆ. ದೊಡ್ಡ ಕಾರ್ಖಾನೆಯೊಳಗೂ ಒಂದೇ ಸಾಲಿನಲ್ಲಿ, ಒಂದೇ ಕೆಲಸಕ್ಕೆ, ಕಾಯಂ ನೌಕರನಿಗೆ ಒಂದು ಸಂಬಳ, ಗುತ್ತಿಗೆಯವನಿಗೆ ಅದರ ಒಂದು ಪಾಲು. ಮಾರುತಿಯ ಮಾನೇಸರ್ ಘಟಕದಲ್ಲಿ 2011ರಲ್ಲಿ ನಡೆದ ಮುಷ್ಕರಗಳ ಬೇಡಿಕೆಗಳಲ್ಲಿ ಸಂಘದ ಹಕ್ಕಿನ ಜೊತೆ ಗುತ್ತಿಗೆ ಕಾರ್ಮಿಕರ ಪ್ರಶ್ನೆಯೂ ಇತ್ತು. 2012ರ ಜುಲೈ 18ರ ಹಿಂಸಾಚಾರದಲ್ಲಿ ಒಬ್ಬ ಮಾನವ ಸಂಪನ್ಮೂಲ ಅಧಿಕಾರಿ ಪ್ರಾಣ ಕಳೆದುಕೊಂಡರು. ಬಂಧಿತರಲ್ಲಿ 117 ಮಂದಿ 2017ರಲ್ಲಿ ಖುಲಾಸೆಯಾದರು, ಅವರಲ್ಲಿ ಅನೇಕರು ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದರು. ಆ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆ ಸಂಬಳದ ಅಂತರಕ್ಕೂ ಇಲ್ಲ.

ಸಣ್ಣ ಉದ್ಯಮಿಯ ಪಾಡು ಬೇರೆ. ಮಾಲು ಕೊಟ್ಟ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆಂಬ ಭಯದಿಂದ ಕೇಳುವವರಿಲ್ಲ. 2024ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮವೊಂದು, ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಲು ಕೊಳ್ಳುಗನಿಗೆ ಬಿಡುವುದಿಲ್ಲ. ನನ್ನ ಮಟ್ಟಿಗೆ ಇದು ಹತ್ತು ಶೇಕಡಾ ಸುಂಕಕ್ಕಿಂತ ಬೆಲೆಯುಳ್ಳ ರಕ್ಷಣೆ.

ಈಗ ವಿದ್ಯುತ್ ಕಾರು. 2024ರ ಮಾರ್ಚಿನ ನೀತಿಯ ಪ್ರಕಾರ, 4,150 ಕೋಟಿ ರೂಪಾಯಿ ಹೂಡಲು ಒಪ್ಪುವ ಕಂಪನಿ 35,000 ಡಾಲರ್‌ಗಿಂತ ಬೆಲೆಬಾಳುವ ವಿದ್ಯುತ್ ಕಾರುಗಳನ್ನು ವರ್ಷಕ್ಕೆ 8,000ದವರೆಗೆ ಶೇ 15 ಸುಂಕದಲ್ಲಿ ತರಬಹುದು. ಮೂರನೆಯ ವರ್ಷಕ್ಕೆ ಶೇ 25, ಐದನೆಯ ವರ್ಷಕ್ಕೆ ಶೇ 50 ಮೌಲ್ಯ ಇಲ್ಲಿ ಸೇರಬೇಕು. ಮಾರುತಿಯ ಗಡುವಿನ ಮೊಮ್ಮಗ ಇದು. ಟೆಸ್ಲಾ ಈ ದಾರಿ ಹಿಡಿಯದೆ, 2025ರ ಜುಲೈಯಲ್ಲಿ ಮುಂಬೈನಲ್ಲಿ ಮಳಿಗೆ ತೆರೆದು, ಪೂರ್ತಿ ಸುಂಕ ಕಟ್ಟಿ ಸುಮಾರು 60 ಲಕ್ಷದಿಂದ ಶುರುವಾಗುವ ಬೆಲೆಗೆ ಮಾರಲು ಕುಳಿತಿತು. ಅದು ಕಾರಿನ ಕಥೆ. ನನ್ನ ಚಿಂತೆ ಮತ್ತೆ ಭಾಗಗಳದ್ದೇ. ವಿದ್ಯುತ್ ಕಾರಿನ ಬೆಲೆಯ ದೊಡ್ಡ ಪಾಲು ಬ್ಯಾಟರಿ, ಅದರೊಳಗಿನ ಸೆಲ್‌ಗಳು ಬಹುತೇಕ ಚೀನಾದಿಂದ ಬರುತ್ತವೆ. ಮೋಟಾರಿನ ಅಪರೂಪದ ಲೋಹಗಳ ಆಯಸ್ಕಾಂತವೂ ಅಲ್ಲಿಂದಲೇ. 2025ರ ಏಪ್ರಿಲಿನಲ್ಲಿ ಚೀನಾ ಅವುಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ಕಂಪನಿಗಳು ದೆಹಲಿಗೆ ಓಡಿದವು. ನಾವು ಬಂದರಿನಲ್ಲಿ ಬೇಲಿ ಕಟ್ಟಿಕೊಂಡು ಕುಳಿತರೆ, ಬೀಜ ಕೊಡುವವನು ತನ್ನ ಕಣಜಕ್ಕೇ ಬೀಗ ಹಾಕಿದ.

ಪ್ರಶ್ನೆಗಳಲ್ಲಿ ಎರಡು:

ಬ್ರಿಟನ್ ಜೊತೆಗಿನ ಒಪ್ಪಂದದಿಂದ ನಮ್ಮ ಕಾರು ಉದ್ಯಮ ಮುಳುಗುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. 2025ರ ಜುಲೈಯಲ್ಲಿ ಸಹಿಯಾದ ಆ ಒಪ್ಪಂದದಲ್ಲಿ ಶೇ 110ರವರೆಗೆ ಇದ್ದ ಸುಂಕ ಕಾಲಕ್ರಮದಲ್ಲಿ ಶೇ 10ಕ್ಕೆ ಇಳಿಯುತ್ತದೆ. ಆದರೆ ಅದು ಕೋಟಾದ ಮಿತಿಯೊಳಗೆ ಮಾತ್ರ. ಬ್ರಿಟನ್ನಿನಿಂದ ಬರುವುದು ಹೆಚ್ಚಾಗಿ ದುಬಾರಿ ಕಾರುಗಳು, ವ್ಯಾಗನ್ ಆರ್ ಕೊಳ್ಳುವವರು ಅತ್ತ ನೋಡುವುದಿಲ್ಲ. ಮೇಲಾಗಿ ಅಲ್ಲಿನ ಜಾಗ್ವಾರ್ ಲ್ಯಾಂಡ್ ರೋವರ್‌ನ ಒಡೆಯರು 2008ರಿಂದ ಟಾಟಾದವರೇ. ಈ ಒಪ್ಪಂದಕ್ಕಾಗಿ ನಿದ್ದೆಗೆಡುವ ಅಗತ್ಯ ಕಾಣುವುದಿಲ್ಲ.

ಎರಡನೆಯ ಪ್ರಶ್ನೆ ಬೆಳಗಾವಿಯ ಕಡೆಯ ಹುಡುಗನದು. ಅವರ ಮನೆಯವರು ಎಂಜಿನ್ ಭಾಗಗಳನ್ನು ಎರಕ ಹೊಯ್ಯುವ ಸಣ್ಣ ಫೌಂಡ್ರಿ ನಡೆಸುತ್ತಾರಂತೆ, ವಿದ್ಯುತ್ ಕಾರು ಬಂದರೆ ಏನು ಮಾಡಬೇಕು ಎಂದ. ಲಾರಿ, ಟ್ರ್ಯಾಕ್ಟರ್, ಪಂಪುಗಳ ಎರಕಕ್ಕೆ ಇನ್ನೂ ಬಹಳ ವರ್ಷ ಬೇಡಿಕೆ ಇರುತ್ತದೆ ಎಂದೆ. ಮೋಟಾರಿನ ಹೊರಕವಚ, ಬ್ಯಾಟರಿಯ ತಟ್ಟೆಯಂಥವು ಹೆಚ್ಚಾಗಿ ಅಲ್ಯೂಮಿನಿಯಂನವು. ಬೀಡುಕಬ್ಬಿಣದ ಕುಲುಮೆಯಿಂದ ಅಲ್ಯೂಮಿನಿಯಂ ಡೈ ಕಾಸ್ಟಿಂಗ್‌ಗೆ ಹೋಗಲು ಬೇರೆ ಯಂತ್ರ, ಬೇರೆ ಕೌಶಲ, ದೊಡ್ಡ ಸಾಲ ಬೇಕು. ವಾಹನ ಮತ್ತು ಬಿಡಿಭಾಗ ಕಂಪನಿಗಳಿಗೆ ಸರ್ಕಾರ ಕೊಡುವ ಉತ್ಪಾದನಾ ಪ್ರೋತ್ಸಾಹದ 25,938 ಕೋಟಿಯ ಯೋಜನೆಗೆ ಅರ್ಹರಾಗಬೇಕಾದರೆ ಬಿಡಿಭಾಗ ಕಂಪನಿಯ ವಹಿವಾಟೂ ನೂರಾರು ಕೋಟಿಯಲ್ಲಿರಬೇಕು, ನಿಮ್ಮ ಫೌಂಡ್ರಿ ಅದರ ಹತ್ತಿರವೂ ಸುಳಿಯುವುದಿಲ್ಲ. ನಾಲ್ಕೈದು ಫೌಂಡ್ರಿಗಳು ಸೇರಿ ಒಂದು ಸಾಮೂಹಿಕ ಘಟಕಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಬೇರೆ ಯೋಜನೆಗಳಿವೆ. ಆದರೆ ಮೊದಲು ಮಾಡಬೇಕಾದ ಕೆಲಸ, ನಿಮ್ಮ ಮಾಲು ಕೊಳ್ಳುವ ಮೇಲಿನ ಕಂಪನಿಯ ಖರೀದಿ ವಿಭಾಗಕ್ಕೆ ಹೋಗಿ, ಮುಂದಿನ ಮೂರು ವರ್ಷಕ್ಕೆ ಯಾವ ಭಾಗ ಎಷ್ಟು ಬೇಕು ಎಂದು ಬರಹದಲ್ಲಿ ಕೇಳುವುದು. "ಅವರು ಬರೆದುಕೊಡುವುದಿಲ್ಲ ಸರ್" ಎಂದ ಹುಡುಗ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಸಭೆಯಲ್ಲಿದ್ದ ಇಬ್ಬರು ಉದ್ಯಮಿಗಳಲ್ಲೂ ಇರಲಿಲ್ಲ.